ಸರ್ಕಾರಿ ಬೆಟ್ಟದಲ್ಲಿ ಬಂಡೆ ಏರುವವರು, ಕುದುರೆ ಸವಾರರು: ಅಪ್ಪಣೆ ಯಾರದ್ದು?

ಪ್ರಶ್ನೆ: ನಮ್ಮದು ಶಿರಸಿ ಸೀಮೆಯ ಹಳ್ಳಿ. ಮನೆಯ ಹಿಂದಿನ ಬೆಟ್ಟದಲ್ಲಿ ದೊಡ್ಡ ಬಂಡೆಗಳಿವೆ. ಹಗ್ಗ ಕಟ್ಟಿ ಬಂಡೆ ಏರುವ ಹವ್ಯಾಸವುಳ್ಳ ಗೆಳೆಯರು ರಜೆಯಲ್ಲಿ ಬರುತ್ತಾರೆ. ನೆರೆಯವರೊಬ್ಬರು ಕುದುರೆ ಸಾಕಿದ್ದು, ಅದೇ ದಾರಿಯಲ್ಲಿ ಸವಾರಿ ಹೋಗುತ್ತಾರೆ. ಸರ್ಕಾರಿ ಜಾಗ ಎಂದಮೇಲೆ ಅದು ಎಲ್ಲರದ್ದೂ ಅಲ್ಲವೇ? ಯಾರ ಅಪ್ಪಣೆಯನ್ನಾದರೂ ಏಕೆ ಕೇಳಬೇಕು?

ಉತ್ತರ: ಈ ಪ್ರಶ್ನೆಯನ್ನು ಕೇಳುವವರಲ್ಲಿ ಹೆಚ್ಚಿನವರು ‘ಸರ್ಕಾರಿ ಜಾಗ’ ಎಂಬ ಮಾತನ್ನು ‘ಹೇಳುವವರು ಕೇಳುವವರು ಇಲ್ಲದ ಜಾಗ’ ಎಂಬ ಅರ್ಥದಲ್ಲಿ ಬಳಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅಂಥ ಜಾಗ ಸಿಗುವುದು ಕಷ್ಟ. 10,000 ಚದರ ಕಿಲೋಮೀಟರಿಗೂ ಮಿಕ್ಕಿದ ಉತ್ತರ ಕನ್ನಡದಲ್ಲಿ ಸುಮಾರು ಶೇ 80ರಷ್ಟು ನೆಲ ಅರಣ್ಯ. ಆ ಅರಣ್ಯದೊಳಗೂ ಮೀಸಲು ಅರಣ್ಯ, ವನ್ಯಜೀವಿಧಾಮ, ಸೊಪ್ಪಿನ ಬೆಟ್ಟ, ದೇವಸ್ಥಾನದ ಆವರಣ ಎಂದು ಬೇರೆ ಬೇರೆ ಬಗೆಗಳಿವೆ. ನೋಡುವುದಕ್ಕೆ ಎಲ್ಲವೂ ಒಂದೇ ಹಸಿರಾಗಿ ಕಂಡರೂ ಪ್ರತಿಯೊಂದಕ್ಕೂ ಬೇರೆ ಕಾನೂನಿದೆ, ಬೇರೆ ಹಕ್ಕುದಾರರಿದ್ದಾರೆ.

ನೀವು ‘ಮನೆಯ ಹಿಂದಿನ ಬೆಟ್ಟ’ ಎಂದಿರುವುದರಿಂದ ಅದು ಬಹುಶಃ ಸೊಪ್ಪಿನ ಬೆಟ್ಟವೇ ಇರಬೇಕು. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲೆಂದು ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಕುಮ್ಕಿ, ಬಾಣೆ, ಕಾನೆ ಎಂಬ ಬೇರೆ ಕಡೆಯ ಇಂಥದೇ ನೆಲಗಳ ಸವಲತ್ತಿನ ಜೊತೆ ಬೆಟ್ಟದ ಈ ಸವಲತ್ತನ್ನೂ ಮುಂದುವರಿಸಿದೆ. ಇಲ್ಲಿ ನೆಲ ಸರ್ಕಾರದ್ದು, ಸೊಪ್ಪು ತೋಟಿಗರದ್ದು. ಆದ್ದರಿಂದ ಅಲ್ಲಿ ಹಗ್ಗ ಕಟ್ಟುವವರು ಅರಣ್ಯ ಇಲಾಖೆಯ ಒಪ್ಪಿಗೆ ಪಡೆದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಆ ಬೆಟ್ಟದಲ್ಲಿ ಮೂರು ತಲೆಮಾರಿನಿಂದ ದರಕು ಗುಡಿಸಿದ ಮನೆಯವರಿಗೆ ಒಂದು ಮಾತು ಹೇಳಿ ಹೋಗಬೇಕು. ಇದರಲ್ಲಿ ಕಾನೂನಿನಷ್ಟೇ ಮರ್ಯಾದೆಯ ಪ್ರಶ್ನೆಯೂ ಇದೆ. ತೋಟಿಗರು ಅಗಳ (ಕಂದಕ) ತೋಡಿ, ದಣಪೆ (ಅಡ್ಡಗಳುಗಳ ಬಾಗಿಲು) ಕಟ್ಟಿ ಬೆಟ್ಟವನ್ನು ಕಾದುಕೊಂಡಿರುತ್ತಾರೆ. ಸವಾರನೊಬ್ಬ ದಣಪೆಯ ಗಳು ಸರಿಸಿ ಕುದುರೆ ದಾಟಿಸಿಕೊಂಡು, ಗಳುಗಳನ್ನು ಹಾಗೆಯೇ ಬಿಟ್ಟು ಹೋದರೆ ಸಂಜೆಯೊಳಗೆ ಊರಿನ ದನಗಳು ತೋಟದಲ್ಲಿರುತ್ತವೆ. ಹಾಗಾದ ಮರುದಿನ ಆ ದಾರಿಗೆ ಮುಳ್ಳು ಬೀಳುತ್ತದೆ, ಮತ್ತು ಅದು ಬಂಡೆ ಏರುವವರಿಗೂ ಮುಚ್ಚಿದಂತೆಯೇ.

ಬಂಡೆ ಏರುವವರೂ ಸವಾರರೂ ಹಂಚಿಕೊಳ್ಳುವುದು ನಿಜಕ್ಕೂ ದಾರಿಯನ್ನು. ಬಂಡೆಯ ಮೈ ಮೇಲೆ ಕುದುರೆಗೆ ಕೆಲಸವಿಲ್ಲ, ಓಟದ ಬಯಲಿನಲ್ಲಿ ಹಗ್ಗದವರಿಗೆ ಕೆಲಸವಿಲ್ಲ. ಆದರೆ ರಸ್ತೆಯಿಂದ ಬೆಟ್ಟದ ಬುಡದವರೆಗಿನ ಒಂದೆರಡು ಮೈಲಿ ಇಬ್ಬರಿಗೂ ಬೇಕು. ನಮ್ಮ ಕರಾವಳಿಗೆ ಇದು ಹೊಸದೂ ಅಲ್ಲ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿದು, ಹೇರೆತ್ತುಗಳು ನಡೆಯುವ ಘಟ್ಟದ ದಾರಿಗಳಲ್ಲಿಯೇ ಮೇಲಕ್ಕೆ ಹೋದವು. ದಾರಿಯ ಹಕ್ಕು ನೆಲದ ಹಕ್ಕಿಗಿಂತ ಬೇರೆಯಾದದ್ದು ಎಂಬ ತಿಳಿವಳಿಕೆ ಹಳೆಯ ಕಾನೂನಿನಲ್ಲೂ ಇದೆ. 1927ರ ಭಾರತೀಯ ಅರಣ್ಯ ಕಾಯ್ದೆಯು ಮೀಸಲು ಅರಣ್ಯದೊಳಗಿನ ದಾರಿಯನ್ನು ಮುಚ್ಚುವ ಅಧಿಕಾರವನ್ನು ಅರಣ್ಯಾಧಿಕಾರಿಗೆ ಕೊಡುವಾಗಲೇ, ಅದಕ್ಕೆ ಬದಲಿ ದಾರಿ ಇರಬೇಕು ಅಥವಾ ಮಾಡಿಕೊಡಬೇಕು ಎಂಬ ಷರತ್ತನ್ನೂ ಹಾಕಿತು.

ಹಾಗಾಗಿ ನಿಮ್ಮ ಮೊದಲ ಕೆಲಸ ಗ್ರಾಮ ನಕಾಶೆಯನ್ನು ನೋಡುವುದು. ನಕಾಶೆಯಲ್ಲಿ ಕಾಲುದಾರಿ ಒಂಟಿ ಚುಕ್ಕೆಗೆರೆಯಾಗಿಯೂ ಬಂಡಿದಾರಿ ಜೋಡಿ ಚುಕ್ಕೆಗೆರೆಯಾಗಿಯೂ ಇರುತ್ತದೆ. ಪಹಣಿಯಲ್ಲಿ ‘ಬ’ ಖರಾಬು ಎಂದು ಬರೆದ ನೆಲ ಸಾರ್ವಜನಿಕ ದಾರಿ, ಹಳ್ಳ ಮುಂತಾದವುಗಳಿಗೆ ಬಿಟ್ಟದ್ದು. ನಿಮ್ಮ ನೆರೆಯವರ ಕುದುರೆ ಬಂಡಿದಾರಿಯಲ್ಲಿ ಹೋಗುತ್ತಿದ್ದರೆ ಮಾತು ಒಂದು ಬಗೆ, ಯಾರದೋ ಬೆಟ್ಟದ ಸೊಪ್ಪಿನ ಜಾಡಿನಲ್ಲಿ ಹೋಗುತ್ತಿದ್ದರೆ ಇನ್ನೊಂದು ಬಗೆ.

ದಾರಿ ಬಿಟ್ಟು ಮೀಸಲು ಅರಣ್ಯದೊಳಗೆ ಕಾಲಿಟ್ಟರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಅನುಮತಿಯಿಲ್ಲದ ಪ್ರವೇಶವೂ ಜಾನುವಾರು ಬಿಡುವುದೂ ಅಪರಾಧ. ಅರಣ್ಯ ಕಾನೂನಿನ ಕಣ್ಣಿಗೆ ಕುದುರೆಯೂ ಜಾನುವಾರೇ ಎಂಬುದನ್ನು ಸವಾರರು ನೆನಪಿಡಬೇಕು: 1927ರ ಕಾಯ್ದೆಯ ಪಟ್ಟಿಯಲ್ಲಿ ಆನೆ, ಒಂಟೆ, ಎಮ್ಮೆಗಳ ಸಾಲಿನಲ್ಲಿಯೇ ಕುದುರೆ, ಹೇಸರಗತ್ತೆ, ಕತ್ತೆಗಳ ಹೆಸರಿವೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ಕಡೆ 1972ರ ವನ್ಯಜೀವಿ ಕಾಯ್ದೆ ಇನ್ನೂ ಬಿಗಿ. ಅಲ್ಲಿ ಪ್ರವೇಶಕ್ಕೇ ಪರವಾನಗಿ ಬೇಕು.

ಬೇರೆ ದೇಶಗಳಲ್ಲಿ ಇದೆಲ್ಲ ಮುಕ್ತವಾಗಿದೆಯಲ್ಲ ಎಂದು ಗೆಳೆಯರು ಹೇಳಬಹುದು. ಅಲ್ಲಿಯೂ ಗೆರೆಗಳಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2000ದ ಕಾಯ್ದೆಯೊಂದು ಬೆಟ್ಟಬಯಲುಗಳಲ್ಲಿ ಅಡ್ಡಾಡುವ ಹಕ್ಕನ್ನು ಜನರಿಗೆ ಕೊಟ್ಟಿತು. ಬಂಡೆ ಏರುವವರಿಗೆ ಅದರ ಪ್ರಯೋಜನ ಸಿಕ್ಕಿತು. ಆದರೆ ಆ ಹಕ್ಕು ಕಾಲ್ನಡಿಗೆಯವರಿಗೆ ಮಾತ್ರ. ಜೊತೆಗೆ ನಾಯಿಯ ಹೊರತು ಬೇರೆ ಪ್ರಾಣಿ ಇರಕೂಡದು ಎಂದು ಬರೆದಿರುವುದರಿಂದ ಕುದುರೆ ಸವಾರರು ತಮಗಾಗಿ ಗುರುತಾದ ಸವಾರಿ ದಾರಿಗಳಲ್ಲಿಯೇ ಉಳಿದರು. ಆ ದಾರಿಗಳಲ್ಲಿ 1968ರಿಂದ ಸೈಕಲ್ಲಿನವರಿಗೂ ಅವಕಾಶವಿದೆ. ಆದರೆ ಅವರು ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕು. ಸ್ಕಾಟ್ಲೆಂಡ್ 2003ರಲ್ಲಿ ಇಬ್ಬರಿಗೂ ಹಕ್ಕು ಕೊಟ್ಟಿತು, ಹೊಣೆಯರಿತು ನಡೆದುಕೊಳ್ಳಬೇಕೆಂಬ ಕಟ್ಟಿನೊಂದಿಗೆ. ನನಗೆ ಸ್ಕಾಟ್ಲೆಂಡಿನ ಕ್ರಮವೇ ಹೆಚ್ಚು ಸರಿ ಎನಿಸುತ್ತದೆ, ಏಕೆಂದರೆ ನೀನು ಯಾರು ಎಂಬುದಕ್ಕಿಂತ ಹೇಗೆ ನಡೆದುಕೊಂಡೆ ಎಂದು ಅದು ಕೇಳುತ್ತದೆ.

ಹೇಗೆ ನಡೆದುಕೊಳ್ಳಬೇಕು ಎಂಬುದು ಒಮ್ಮೆ ಕಣ್ಣಾರೆ ಕಂಡರೆ ಮರೆಯುವುದಿಲ್ಲ. ಒಂದು ಮಾಗಿಯ ಬೆಳಿಗ್ಗೆ ಬೆಟ್ಟದ ತಿರುವಿನಲ್ಲಿ ಪರಿಚಿತರೊಬ್ಬರ ಕುದುರೆಯ ಹಿಂದೆ ನಾನು ನಡೆಯುತ್ತಿದ್ದೆ. ಎದುರಿನಿಂದ ಇಬ್ಬರು ಹುಡುಗರು ಬಂದರು. ಬಿದ್ದರೆ ಪೆಟ್ಟಾಗದಿರಲೆಂದು ಬಂಡೆಯ ಕೆಳಗೆ ಹಾಸುವ ದಪ್ಪ ಹಾಸಿಗೆಯನ್ನು ಒಬ್ಬ ಬೆನ್ನಿಗೆ ಕಟ್ಟಿಕೊಂಡಿದ್ದ, ಇನ್ನೊಬ್ಬನ ಸೊಂಟದಲ್ಲಿ ಕಬ್ಬಿಣದ ಕೊಂಡಿಗಳು ಕಿಣಿಕಿಣಿ ಎನ್ನುತ್ತಿದ್ದವು. ಕುದುರೆ ನಿಂತುಬಿಟ್ಟಿತು. ಕಿವಿಗಳು ಮುಂದಕ್ಕೆ ಸೆಟೆದವು, ಹೊಳ್ಳೆಗಳು ಅರಳಿದವು, ಮುಂಗಾಲು ಜಂಬಿಟ್ಟಿಗೆಯ ಹರಳಿನ ಮೇಲೆ ಜಾರಿತು. ಹುಡುಗರು ಒಳ್ಳೆಯ ಮನಸ್ಸಿನಿಂದಲೇ ಮರದ ಹಿಂದೆ ಸರಿದು ಉಸಿರು ಬಿಗಿಹಿಡಿದು ನಿಂತರು. ಅದೇ ತಪ್ಪಾಯಿತು. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಅದಕ್ಕೆ ಸುತ್ತಲೂ ಕಾಣುತ್ತದೆ. ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಅಡಗಿ ನಿಂತ ಆಕಾರ ಅದಕ್ಕೆ ಹೊಂಚುಹಾಕುವ ಚಿರತೆಯಂತೆ. ಸವಾರರು, ‘ತಮ್ಮಾ, ಹೊರಗೆ ಬಾರೋ, ಏನಾದ್ರೂ ಮಾತಾಡು’ ಎಂದು ಕೂಗಿದರು. ಹುಡುಗ ಹೊರಬಂದು ಮಾತನಾಡಿದೊಡನೆ ಕುದುರೆ ಕಿವಿ ಇಳಿಸಿ ಮುಂದೆ ನಡೆಯಿತು. ಮನುಷ್ಯನ ದನಿ ಕೇಳಿದಮೇಲೆ ಹಾಸಿಗೆ ಹೊತ್ತ ಪ್ರಾಣಿಯೂ ಮನುಷ್ಯನೇ ಎಂದು ಅದಕ್ಕೆ ಗೊತ್ತಾಯಿತು. ಎದುರಾದಾಗ ಕುದುರೆಗೇ ದಾರಿ ಬಿಡಬೇಕು, ಇಳಿಜಾರಿನ ಕೆಳಬದಿಗೆ ಸರಿದು ಕಾಣುವಂತೆ ನಿಲ್ಲಬೇಕು, ಮೆಲ್ಲಗೆ ಮಾತನಾಡುತ್ತಿರಬೇಕು ಎಂಬ ರೂಢಿ ಸವಾರಿ ದಾರಿಗಳಿರುವ ದೇಶಗಳಲ್ಲಿ ಬೇರೂರಿದ್ದು ಇದೇ ಕಾರಣಕ್ಕೆ. ಮೇಲಿನಿಂದ ಹಗ್ಗ ಎಸೆಯುವ ಮುನ್ನ ಕೆಳಗೆ ಕುದುರೆ ಇದೆಯೇ ಎಂದು ನೋಡುವುದೂ ಇದಕ್ಕೇ ಸೇರುತ್ತದೆ.

ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಅಪಾಯ ಹೆಜ್ಜೇನು. ‘ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ’ ಎಂಬ ಗಾದೆ ಇಲ್ಲಿಯವರೆಲ್ಲರಿಗೂ ಗೊತ್ತು. ಯಾಣದ 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರಗಳನ್ನು ಕಂಡ ಹಗ್ಗದವರ ಕೈ ತುರಿಸುವುದು ಸಹಜ. ಆದರೆ ಅದು ಜನ ಕೈಮುಗಿಯುವ ಬಂಡೆ, ಮತ್ತು ಅದರ ಮೈಗೆ ಜೇನು ಕಟ್ಟುತ್ತದೆ. ಜೇನು ಎದ್ದರೆ ಹಗ್ಗದಲ್ಲಿ ನೇತಾಡುವವನು ಓಡಲಾರ. ಬುಡದಲ್ಲಿ ಮರಕ್ಕೆ ಕಟ್ಟಿದ ಕುದುರೆಯೂ ಓಡಲಾರದು. ಜೇನಿರುವ ಬಂಡೆಯನ್ನು ಬಿಟ್ಟುಬಿಡಬೇಕು. ಯಾವ ಬಂಡೆಯಾದರೂ ಕುದುರೆಯನ್ನು ಬುಡದಲ್ಲಿ ಕಟ್ಟದೆ, ಕಲ್ಲು ಉರುಳಿದರೂ ತಲುಪದಷ್ಟು ದೂರದಲ್ಲಿ ಕಟ್ಟಬೇಕು. ಹದ್ದು, ಗಿಡುಗಗಳು ಗೂಡು ಕಟ್ಟಿದ ಬಂಡೆಗೂ ಇದೇ ಮಾತು: ಇಂಗ್ಲೆಂಡಿನಲ್ಲಿ ಮರಿ ಮಾಡುವ ಕಾಲದಲ್ಲಿ ಏರುವವರೇ ಒಪ್ಪಿ ಬಂಡೆಗಳನ್ನು ಬಿಟ್ಟುಕೊಡುತ್ತಾರೆ, ನಮ್ಮ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದೇ ಘೋಷಿಸಲಾಯಿತು. ಡಿಸೆಂಬರಿನಿಂದ ಮೇವರೆಗೆ ದರಕಿನ ಮೇಲೆ ಕೂರುವವರು ಮಂಗನ ಕಾಯಿಲೆ ಹರಡುವ ಉಣುಗುಗಳನ್ನೂ ಮರೆಯಬಾರದು. ಕುದುರೆಯ ಮೈಯನ್ನೂ ದಿನವೂ ನೋಡಬೇಕು.

ಕಡಲತೀರದ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು. 2020ರಲ್ಲಿ ನೀಲಿ ಬಾವುಟದ (ಶುಚಿಯಾದ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್) ಮನ್ನಣೆ ಪಡೆದ ಹೊನ್ನಾವರದ ಕಾಸರಕೋಡಿನಂಥ ತೀರದಲ್ಲಿ ಸಾಕುಪ್ರಾಣಿಗಳ ಪ್ರವೇಶಕ್ಕೆ ಕಟ್ಟುನಿಟ್ಟಿನ ನಿಯಂತ್ರಣ ಇರಬೇಕೆಂಬುದು ಆ ಮನ್ನಣೆಯದೇ ನಿಯಮ. ಕಡಲಾಮೆಗಳು ಮೊಟ್ಟೆಯಿಡುವ ತಿಂಗಳುಗಳಲ್ಲಿ ಮೇಲ್ಮರಳಿನ ಮೇಲೆ ಗೊರಸು ಬೀಳಲೇಬಾರದು.

ನಿಮ್ಮ ಊರಿನ ಮಟ್ಟಿಗೆ ನಾನು ಹೇಳುವುದಿಷ್ಟು. ಗೆಳೆಯರೂ ನೆರೆಯವರೂ ಬೇರೆ ಬೇರೆಯಾಗಿ ಹೋಗದೆ, ನಕಾಶೆಯ ಪ್ರತಿಯೊಂದಿಗೆ ಒಟ್ಟಿಗೇ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ, ಯಾವ ದಾರಿ, ಯಾವ ಬಂಡೆ, ಎಷ್ಟು ಜನ, ಯಾವ ತಿಂಗಳು ಎಂದು ಬರೆದುಕೊಡಿ. ಸಾಧ್ಯವಾದರೆ ಬೆಟ್ಟದ ತೋಟಿಗರನ್ನೂ ಕರೆದೊಯ್ಯಿರಿ. ಬಂಡೆಗೆ ರಂಧ್ರ ಕೊರೆದು ಮೊಳೆ ಹೊಡೆಯುವ ವಿಚಾರವನ್ನು ಸದ್ಯಕ್ಕೆ ಬಿಡಿ, ಮರಕ್ಕೂ ಕಲ್ಲಿಗೂ ಹಗ್ಗ ಸುತ್ತಿಯೇ ಏರಬಹುದಾದಷ್ಟನ್ನು ಏರಿ. ಮಳೆಗಾಲದಲ್ಲಿ ಹಸಿ ದಾರಿಯ ಮೇಲೆ ಕುದುರೆ ನಡೆದರೆ ಗೊರಸಿನ ಗುಂಡಿಗಳಲ್ಲಿ ನೀರು ನಿಂತು ದಾರಿಯೇ ಹಳ್ಳವಾಗುತ್ತದೆ. ದೀಪಾವಳಿ ಕಳೆದು ನೆಲ ಗಟ್ಟಿಯಾದ ಮೇಲೆ ಸವಾರಿ ಶುರುಮಾಡಲು ನೆರೆಯವರಿಗೆ ಹೇಳಿ. ದಾರಿಯಲ್ಲಿ ಅಡಿಕೆ ದಬ್ಬೆಯ ಸಂಕ (ಕಾಲುಸೇತುವೆ) ಇದ್ದರೆ ಕುದುರೆಯನ್ನು ಅದರ ಮೇಲೆ ಹತ್ತಿಸದೆ ಕೆಳಗೆ ನೀರಿನಲ್ಲಿ ದಾಟಿಸಲಿ, ಏಕೆಂದರೆ ಅದೇ ಸಂಕದ ಮೇಲೆ ನಾಳೆ ಬೆಳಿಗ್ಗೆ ಶಾಲೆಯ ಮಕ್ಕಳು ಬರುತ್ತಾರೆ.