ಪಿ-ಮೌಲ್ಯ: ರಿಗ್ರೆಷನ್ ಟೇಬಲ್ಲಿನ ಕೊನೆಯ ಕಾಲಂ ಎಲ್ಲಿಂದ ಬರುತ್ತದೆ?

ಒಂದು ಅಂಶ ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಂದಾಜಿಸುವುದು ರಿಗ್ರೆಷನ್; ಆ ಅಂದಾಜೇ ಗುಣಾಂಕ. ರಿಗ್ರೆಷನ್ ಟೇಬಲ್ಲಿನಲ್ಲಿ ಪ್ರತಿ ಗುಣಾಂಕದ ಎದುರು ಒಂದು ಪಿ-ಮೌಲ್ಯ ಇರುತ್ತದೆ. ನಿಜವಾದ ಗುಣಾಂಕ ಸೊನ್ನೆಯೇ ಆಗಿದ್ದರೆ, ಈಗ ಸಿಕ್ಕಷ್ಟು ಅಥವಾ ಅದಕ್ಕಿಂತ ದೊಡ್ಡ ಟಿ ಬೆಲೆ (ಗುಣಾಂಕವನ್ನು ಅದರ ಸ್ಟ್ಯಾಂಡರ್ಡ್ ಎರರ್, ಅಂದರೆ ಅಂದಾಜಿನ ಅನಿಶ್ಚಿತತೆಯ ಅಳತೆ, ಇದರಿಂದ ಭಾಗಿಸಿದ್ದು) ಆಕಸ್ಮಿಕವಾಗಿ ಬರುವ ಸಂಭವನೀಯತೆ ಅದು. ಗುಣಾಂಕ ಸೊನ್ನೆ ಆಗಿರುವ ಸಂಭವನೀಯತೆ ಅಲ್ಲ. ಈ ಎರಡನ್ನು ಒಂದೇ ಎಂದು ಓದುವುದು ತುಂಬ ಸಾಮಾನ್ಯವಾದ ತಪ್ಪು.

ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ ತಂತ್ರಾಂಶದ ಜೊತೆಗೇ ಬರುವ 'ಎಂಟಿಕಾರ್ಸ್' ದತ್ತಾಂಶ ತೆಗೆದುಕೊಳ್ಳೋಣ. 1974ರ ಮೋಟಾರ್ ಟ್ರೆಂಡ್ ಪತ್ರಿಕೆಯಿಂದ ತೆಗೆದ 32 ಕಾರುಗಳ ವಿವರ ಇದರಲ್ಲಿದೆ. ಮೈಲೇಜನ್ನು ತೂಕ ಮತ್ತು ಹಾರ್ಸ್‌ಪವರ್ ಮೇಲೆ ರಿಗ್ರೆಸ್ ಮಾಡಿದರೆ ಹಾರ್ಸ್‌ಪವರ್ ಗುಣಾಂಕ -0.03177, ಅದರ ಸ್ಟ್ಯಾಂಡರ್ಡ್ ಎರರ್ 0.00903. ಗುಣಾಂಕವನ್ನು ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿದ್ದೇ ಟಿ: -3.519. ಡಿಗ್ರೀಸ್ ಆಫ್ ಫ್ರೀಡಂ 29, ಅಂದರೆ 32ರಿಂದ ಎರಡು ಗುಣಾಂಕ ಮತ್ತು ಇಂಟರ್ಸೆಪ್ಟ್ (ತೂಕ, ಹಾರ್ಸ್‌ಪವರ್ ಎರಡೂ ಸೊನ್ನೆಯಾದಾಗಿನ ಅಂದಾಜು) ಸೇರಿ ಮೂರು ಕಳೆದದ್ದು. ಇಂಟರ್ಸೆಪ್ಟನ್ನು ಮರೆತು 30 ಹಾಕುವವರು ಬಹಳ.

ಆರ್‌ನ 'ಪಿಟಿ' ಫಂಕ್ಷನ್‌ಗೆ -3.519 ಮತ್ತು 29 ಕೊಟ್ಟರೆ ಸುಮಾರು 0.00073 ಬರುತ್ತದೆ. ಇದು ಟಿ ವಕ್ರರೇಖೆಯ (ಗುಣಾಂಕ ಸೊನ್ನೆಯಾಗಿದ್ದರೆ ಟಿ ಬೆಲೆಗಳು ಹೇಗೆ ಹರಡಿರುತ್ತವೆ ಎಂದು ತೋರಿಸುವ ರೇಖೆ) ಎಡಬಾಲದ, ಅಂದರೆ ಎಡತುದಿಯ, ವಿಸ್ತೀರ್ಣ ಮಾತ್ರ. ಗುಣಾಂಕ ಸೊನ್ನೆಗಿಂತ ಯಾವ ಕಡೆಗೆ ಸರಿದರೂ ಲೆಕ್ಕಕ್ಕೆ ಬರುವುದರಿಂದ ಇದನ್ನು ಎರಡರಿಂದ ಗುಣಿಸಬೇಕು. ಆಗ ಟೇಬಲ್ಲಿನಲ್ಲಿರುವ 0.00145 ಸಿಗುತ್ತದೆ. ಟಿ ಧನಾತ್ಮಕವಾಗಿದ್ದಾಗ ಎಡವುವುದು ಇಲ್ಲೇ: 3.519 ಅನ್ನು ಹಾಗೇ ಕೊಟ್ಟರೆ 0.99927 ಬರುತ್ತದೆ, ದ್ವಿಗುಣ ಮಾಡಿದರೆ 1.9985. ಸಂಭವನೀಯತೆ ಒಂದನ್ನು ದಾಟಿತೆಂದರೆ ಬಾಲ ತಿರುಗುಮುರುಗಾಗಿದೆ ಎಂದೇ ಅರ್ಥ. ಯಾವಾಗಲೂ ಟಿ-ಯ ಚಿಹ್ನೆ ತೆಗೆದು, ಮುಂದೆ ಮೈನಸ್ ಹಾಕಿ ಕೊಡುವುದು ಸುರಕ್ಷಿತ.

ಒಂದರಿಂದ ಎಡಭಾಗವನ್ನು ಕಳೆದರೂ ಬಲಬಾಲ ಸಿಗುತ್ತದಲ್ಲ ಎನ್ನಬಹುದು. ಟಿ ತೀರಾ ದೊಡ್ಡದಿದ್ದಾಗ ಅದು ಕೈಕೊಡುತ್ತದೆ. ಎಡಭಾಗ ಒಂದಕ್ಕೆ ಎಷ್ಟು ಹತ್ತಿರ ಹೋಗುತ್ತದೆಂದರೆ, ಕಂಪ್ಯೂಟರ್ ಅದನ್ನು ಒಂದೇ ಎಂದು ಇಟ್ಟುಕೊಂಡು ಉತ್ತರ ಸೊನ್ನೆ ಎನ್ನುತ್ತದೆ. ಪಿ-ಮೌಲ್ಯ ನಿಜವಾಗಿ ಸೊನ್ನೆ ಆಗುವುದಿಲ್ಲ. ಬಲಬಾಲವನ್ನೇ ನೇರವಾಗಿ ಕೇಳುವ ದಾರಿಗಳಿವೆ: ಆರ್‌ನಲ್ಲಿ 'ಲೋಯರ್ ಟೇಲ್' ಆಯ್ಕೆಯನ್ನು ಫಾಲ್ಸ್ ಮಾಡಿ, ಪೈಥಾನ್‌ನ ಸೈಪೈನಲ್ಲಾದರೆ 'ಎಸ್‌ಎಫ್' ಬಳಸಿ.

ಎಕ್ಸೆಲ್‌ನಲ್ಲಿ 'ಟಿ ಡಿಸ್ಟ್ 2ಟಿ' ಎರಡೂ ಬಾಲಗಳನ್ನು ತಾನೇ ಕೂಡಿಸಿಕೊಡುತ್ತದೆ, ಮತ್ತೆ ದ್ವಿಗುಣ ಮಾಡಬೇಡಿ. ಋಣ ಸಂಖ್ಯೆ ಕೊಟ್ಟರೆ ಮಾತ್ರ ಅದು ಎರರ್ ತೋರಿಸುತ್ತದೆ, ಹಾಗಾಗಿ ಮೊದಲು ಚಿಹ್ನೆ ತೆಗೆಯುವ 'ಎಬಿಎಸ್' ಹಾಕಿ.

ಇಡೀ ಮಾದರಿಯನ್ನು (ಎರಡೂ ಗುಣಾಂಕಗಳನ್ನು ಒಟ್ಟಿಗೆ) ಪರೀಕ್ಷಿಸುವ ಎಫ್ ಬೆಲೆಗೆ ಬಲಬಾಲ ಒಂದೇ ಸಾಕು. ಮೇಲಿನ ಮಾದರಿಯಲ್ಲಿ ಎಫ್ 69.21, ಡಿಗ್ರೀಸ್ ಆಫ್ ಫ್ರೀಡಂ 2 ಮತ್ತು 29, ಇದೇ ಕ್ರಮದಲ್ಲಿ ಕೊಡಬೇಕು.

ಟಿ ಬದಲು ನಾರ್ಮಲ್ ವಕ್ರರೇಖೆ ಬಳಸುವುದು ಚಿಕ್ಕ ಸ್ಯಾಂಪಲ್‌ನಲ್ಲಿ ತೀರ್ಮಾನವನ್ನೇ ಬದಲಿಸಬಲ್ಲದು. ಟಿ 2.1, ಡಿಗ್ರೀಸ್ ಆಫ್ ಫ್ರೀಡಂ 10 ಇದ್ದರೆ ಸರಿಯಾದ ಪಿ ಸುಮಾರು 0.062. ನಾರ್ಮಲ್ ಪ್ರಕಾರ 0.036 ಬಂದು, 0.05ರ ಗೆರೆಯ (ಪಿ ಇದಕ್ಕಿಂತ ಕಡಿಮೆ ಇದ್ದರೆ ಗುಣಾಂಕ ಸೊನ್ನೆಯಲ್ಲ ಎಂದು ತೀರ್ಮಾನಿಸುವುದು ವಾಡಿಕೆ) ಈಚೆಗೆ ಬಿದ್ದುಬಿಡುತ್ತದೆ.