ಒಬ್ಬರಿಗೇ ಎರಡು ಬಗೆಯ ರಕ್ತದ ಕ್ಯಾನ್ಸರ್ ಬರುತ್ತಾ?

ಪ್ರಶ್ನೆ: ಅಪ್ಪನಿಗೆ ಮೂರು ವರ್ಷದ ಹಿಂದೆ ಸಿಎಲ್‌ಎಲ್ ಅಂದರು. ಔಷಧಿ ಕೊಡಲಿಲ್ಲ, ಆಗಾಗ ರಕ್ತ ಪರೀಕ್ಷೆ ಮಾಡಿಸಿ ಅಂದರು. ಈಗ ಸಿಎಂಎಲ್ ಕೂಡ ಇದೆ ಅಂತಿದ್ದಾರೆ. ಸುಮ್ನೆ ಬಿಟ್ಟಿದ್ದಕ್ಕೆ ಅದೇ ಇದಾಗಿ ತಿರುಗಿತಾ?

ಇಲ್ಲ. ಆ ಕೊರಗನ್ನು ಮೊದಲು ಬಿಡಿ. ಸಿಎಲ್‌ಎಲ್ ಅಂದರೆ ಕ್ರಾನಿಕ್ ಲಿಂಫೋಸಿಟಿಕ್ ಲ್ಯುಕೇಮಿಯಾ, ಸಿಎಂಎಲ್ ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ. ಎರಡೂ ರಕ್ತದ ಕ್ಯಾನ್ಸರ್, ಆದರೆ ಸಿಎಲ್‌ಎಲ್ ಸಿಎಂಎಲ್ ಆಗಿ ತಿರುಗುವ ಕಾಯಿಲೆಯಲ್ಲ. ಅದು ಬಿಗಡಾಯಿಸಿದರೆ ಜೋರಾದ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಆಗಬಹುದು, ಅದೂ ಕೆಲವರಲ್ಲಿ ಮಾತ್ರ. ಹೆಸರಿನಲ್ಲಿ ಒಂದೇ ಅಕ್ಷರ ಬೇರೆ ಇರುವುದರಿಂದ ಎರಡೂ ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತವೆ, ಅಷ್ಟೇ.

ರಕ್ತದ ಕಣಗಳೆಲ್ಲ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿಂದ ಲಿಂಫಾಯ್ಡ್, ಮೈಲಾಯ್ಡ್ ಅಂತ ಎರಡು ಕವಲು ಹೊರಡುತ್ತವೆ. ಲಿಂಫಾಯ್ಡ್ ಕವಲಿನಲ್ಲಿ ಬಿ ಲಿಂಫೋಸೈಟು ಅನ್ನುವ ಬಿಳಿ ಕಣಗಳು ಸಾಯುವ ಹೊತ್ತಿಗೆ ಸಾಯದೆ ರಾಶಿ ಬಿದ್ದರೆ ಸಿಎಲ್‌ಎಲ್. ಮಜ್ಜೆಯ ಮೂಲಕೋಶವೊಂದರಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳು (ಜೀನುಗಳನ್ನು ಹೊತ್ತ ಎಳೆಗಳು) ತುಂಡು ಅದಲುಬದಲು ಮಾಡಿಕೊಂಡು, ಮೈಲಾಯ್ಡ್ ಕಡೆಯ ಕಣಗಳು ಮಿತಿಮೀರಿ ಹುಟ್ಟಿದರೆ ಸಿಎಂಎಲ್. ಹಾಗೆ ಗಿಡ್ಡವಾದ 22ನೆಯದಕ್ಕೆ ಫಿಲಡೆಲ್ಫಿಯಾ ಕ್ರೋಮೋಸೋಮ್ ಅಂತ ಹೆಸರು. 1960ರಲ್ಲಿ ಅದನ್ನು ಮೊದಲು ಗುರುತಿಸಿದ್ದು ಆ ಊರಿನಲ್ಲೇ.

ಎರಡೂ ಒಬ್ಬರಲ್ಲೇ ಸೇರುವುದು ಬಹಳ ಅಪರೂಪ, ಆದರೆ ಆಗುತ್ತದೆ. ಇಂಥವರ ಕಣಗಳನ್ನು ಬೇರ್ಪಡಿಸಿ ನೋಡಿದಾಗ, ಬಹುಪಾಲು ಫಿಲಡೆಲ್ಫಿಯಾ ಕ್ರೋಮೋಸೋಮ್ ಸಿಗುವುದು ಮೈಲಾಯ್ಡ್ ಕಣಗಳಲ್ಲಿ. ಸಿಎಲ್‌ಎಲ್‌ನ ಲಿಂಫೋಸೈಟುಗಳಲ್ಲಿ ಅದು ಇರುವುದಿಲ್ಲ. ಒಂದೇ ಗದ್ದೆ, ಎರಡು ಕಳೆ, ಬೇರು ಬೇರೆ ಬೇರೆ.

ಪತ್ತೆ ಹಚ್ಚುವುದೇ ಕಷ್ಟ. ಒಂದು ಕಾಯಿಲೆಯ ಹೆಸರು ಫೈಲಿನ ಮೇಲೆ ಬಿದ್ದ ಮೇಲೆ, ಬಿಳಿ ಕಣದ ಕೌಂಟ್ ಏರಿದಾಗಲೆಲ್ಲ "ಅದೇ ಇರಬೇಕು" ಅನ್ನಿಸಿಬಿಡುತ್ತದೆ. ಅದಕ್ಕೇ ರಿಪೋರ್ಟಿನಲ್ಲಿ ಒಟ್ಟು ಬಿಳಿ ಕಣದ ಸಂಖ್ಯೆಯ ಕೆಳಗಿನ ಸಾಲುಗಳನ್ನೂ ಓದಬೇಕು. ಸಿಎಲ್‌ಎಲ್‌ನಲ್ಲಿ ಏರುವುದು ಲಿಂಫೋಸೈಟ್. ಗಾಜಿನ ಮೇಲೆ ರಕ್ತ ಹರಡುವಾಗಲೇ ಆ ಕಣಗಳು ಒಡೆದು, ಬೆರಳಲ್ಲಿ ಒರೆಸಿದ ಶಾಯಿಯ ಹಾಗೆ ಕಾಣುತ್ತವೆ. ಅದರ ಜೊತೆಗೆ ಮೈಲಾಯ್ಡ್ ಕಡೆಯ ಬಿಳಿ ಕಣಗಳಾದ ನ್ಯೂಟ್ರೋಫಿಲ್ ಏರಿದರೆ, ಬೇಸೋಫಿಲ್ ಜಾಸ್ತಿಯಾದರೆ, ಮಜ್ಜೆಯಲ್ಲೇ ಇರಬೇಕಾದ ಎಳೆಯ ಕಣಗಳು ರಕ್ತಕ್ಕೆ ಬಂದರೆ ಇನ್ನೊಂದು ಕಾಯಿಲೆಯ ಅನುಮಾನ ಬರಬೇಕು. ಆಗ ಬಿಸಿಆರ್-ಎಬಿಎಲ್ ಅನ್ನುವ ಪರೀಕ್ಷೆ ಮಾಡಿಸುತ್ತಾರೆ. ಅದು ಫಿಲಡೆಲ್ಫಿಯಾ ಕ್ರೋಮೋಸೋಮಿನ ಗುರುತು.

ಚಿಕಿತ್ಸೆಯಲ್ಲಿ ಯಾವುದು ಕಾಯಬಲ್ಲದು, ಯಾವುದು ಕಾಯಲಾರದು ಅನ್ನುವುದೇ ಮುಖ್ಯ. ಸಿಎಂಎಲ್ ಕಾಯುವುದಿಲ್ಲ. ಬಿಟ್ಟರೆ ಅದು ಮುಂದೆ ತೀವ್ರ ಲ್ಯುಕೇಮಿಯಾ ಆಗುತ್ತದೆ. ಅದಕ್ಕೆ 2001ರಿಂದ ಇಮಾಟಿನಿಬ್ ಅನ್ನುವ ಮಾತ್ರೆ ಇದೆ, ಸಾಮಾನ್ಯವಾಗಿ ದಿನಕ್ಕೆ 400 ಮಿಲಿಗ್ರಾಂ. ಇಲ್ಲಿ ಅದರ ಜೆನೆರಿಕ್ ಮಾತ್ರೆ ಸಿಗುತ್ತದೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಮೂಲ ಕಂಪನಿಗೆ ಪೇಟೆಂಟ್ ನಿರಾಕರಿಸಿದ್ದು ನೆನಪಿರಬಹುದು. ಸಿಎಲ್‌ಎಲ್ ಬಹಳ ಸಲ ಕಾಯುತ್ತದೆ. ಹಿಮೋಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ಇಳಿದರೆ, ದುಗ್ಧಗ್ರಂಥಿಯ ಗಂಟುಗಳು ತೀರಾ ದೊಡ್ಡದಾದರೆ, ತೂಕ ಇಳಿದರೆ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು ಬಂದರೆ ಆಗ ಅದರ ಸರದಿ. ನಿಮ್ಮ ತಂದೆಗೆ ಔಷಧಿ ಕೊಡದೆ ಕಾದದ್ದೂ ಚಿಕಿತ್ಸೆಯ ಒಂದು ದಾರಿಯೇ.

ಮನೆಯವರು ಗಾಬರಿಯಾಗುವುದು ಸಾಮಾನ್ಯವಾಗಿ ಇಮಾಟಿನಿಬ್ ಶುರುವಾದ ಮೇಲೆ. ಕೌಂಟ್ ಮೊದಲು ಸರಸರ ಇಳಿದು, ಆಮೇಲೆ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. "ಮಾತ್ರೆ ಹಿಡಿಯುತ್ತಿಲ್ಲ ಅಲ್ವಾ?" ಅನ್ನಿಸುತ್ತದೆ. ಹಾಗೆ ಉಳಿದಿರುವುದು ಸಿಎಲ್‌ಎಲ್‌ನ ಲಿಂಫೋಸೈಟ್ ಇರಬಹುದು. ಇಮಾಟಿನಿಬ್‌ಗೆ ಅದು ಬಗ್ಗುವುದನ್ನು ನಿರೀಕ್ಷಿಸಬೇಡಿ. ಸಿಎಂಎಲ್ ಹತೋಟಿಗೆ ಬರುತ್ತಿದೆಯಾ ಅನ್ನುವುದಕ್ಕೆ ನೋಡಬೇಕಾದ್ದು ಮೂರು ತಿಂಗಳಿಗೊಮ್ಮೆ ಮಾಡಿಸುವ ಬಿಸಿಆರ್-ಎಬಿಎಲ್ ಪ್ರಮಾಣ. ಮೊದಲ ಮೂರು ತಿಂಗಳಲ್ಲಿ ಅದು ಶೇ. 10ಕ್ಕೋ ಅದಕ್ಕೂ ಕೆಳಗೋ ಬಂದರೆ ಒಳ್ಳೆಯ ಗುರುತು. ಸಿಎಂಎಲ್‌ನ ಇನ್ನೊಂದು ಮಾತ್ರೆಯಾದ ಡಾಸಾಟಿನಿಬ್‌ಗೆ ಬದಲಾಯಿಸಿದರೆ ಇನ್ನೊಂದು ಗೊಂದಲ: ಆ ಮಾತ್ರೆಯಿಂದಲೇ ಕೆಲವರಲ್ಲಿ ಬೇರೆ ಜಾತಿಯ ಲಿಂಫೋಸೈಟ್ ಏರುತ್ತದೆ. ಯಾವ ಜಾತಿ ಅನ್ನುವುದನ್ನು ಫ್ಲೋ ಸೈಟೋಮೆಟ್ರಿ, ಅಂದರೆ ಕಣಗಳ ಗುರುತು ಹಿಡಿದು ವಿಂಗಡಿಸುವ ರಕ್ತ ಪರೀಕ್ಷೆ, ಹೇಳುತ್ತದೆ.

ಮುಂದೆ ಸಿಎಲ್‌ಎಲ್‌ಗೂ ಇಬ್ರುಟಿನಿಬ್, ವೆನೆಟೊಕ್ಲಾಕ್ಸ್ ತರಹದ ಮಾತ್ರೆ ಬೇಕಾದರೆ, ಇಮಾಟಿನಿಬ್ ಅವುಗಳ ಮಟ್ಟವನ್ನು ರಕ್ತದಲ್ಲಿ ಏರಿಸಬಹುದು. ಡೋಸ್ ಹೊಂದಿಸುವುದು ವೈದ್ಯರ ಕೆಲಸ. ನಿಮ್ಮ ಕೆಲಸ, ಅಪ್ಪ ತಗೊಳ್ಳುವ ಬಿಪಿ, ಶುಗರ್ ಮಾತ್ರೆಗಳನ್ನೂ ಆಯುರ್ವೇದದ ಪುಡಿಗಳನ್ನೂ ಬಿಡದೆ ಬರೆದು ತೋರಿಸುವುದು. ಚಕ್ಕೋತ ಇಷ್ಟ ಅಂದರೆ ಅದನ್ನೂ ಹೇಳಿ. ಈ ಮಾತ್ರೆಗಳ ಚೀಟಿಯಲ್ಲಿ ಬೇಡ ಅನ್ನುವ ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ದೇವನಹಳ್ಳಿಯಿಂದ ಯಾರಾದರೂ ತಂದುಕೊಟ್ಟರೆ, ಡಾಕ್ಟರನ್ನು ಕೇಳುವವರೆಗೆ ಅದು ಮಿಕ್ಕವರ ಪಾಲಿಗಿರಲಿ.