ನಂದಿ ಬೆಟ್ಟದಲ್ಲಿ ಐದು ನದಿ ಹುಟ್ಟುತ್ತವಂತೆ, ನೀರೆಲ್ಲಿ?

ಓದುಗರ ಪ್ರಶ್ನೆ: ನಂದಿ ಬೆಟ್ಟ ಐದು ನದಿಗಳ ತವರು ಎಂದು ಓದಿದ್ದೇವೆ. ಮೇಲೆ ಹತ್ತಿ ನೋಡಿದರೆ ಅಮೃತ ಸರೋವರ ಬಿಟ್ಟರೆ ನೀರೇ ಕಾಣಲಿಲ್ಲ. ನಿಜಕ್ಕೂ ನದಿಗಳು ಇಲ್ಲಿ ಹುಟ್ಟುತ್ತವೆಯೇ?

ಉತ್ತರ: ಹುಟ್ಟುತ್ತವೆ. ಆದರೆ ತಲಕಾವೇರಿಯ ಹಾಗೆ ಕುಂಡಿಕೆಯೊಂದನ್ನು ಹುಡುಕಿದರೆ ಸಿಗುವುದಿಲ್ಲ. 1,478 ಮೀಟರ್ ಎತ್ತರದ ನಂದಿ, ಅದರ ಪಕ್ಕದ ಬ್ರಹ್ಮಗಿರಿ, ಚನ್ನಗಿರಿ, ಸ್ಕಂದಗಿರಿ ಸೇರಿದ ಸಾಲು ಬಿದ್ದ ಮಳೆಯನ್ನು ದಿಕ್ಕುದಿಕ್ಕಿಗೆ ಹಂಚುತ್ತದೆ. ಅರ್ಕಾವತಿಯ ಪಾಲು ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ ಸಂಗಮದಲ್ಲಿ ಕಾವೇರಿಗೆ. ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಹಾದು ಆಂಧ್ರದ ನೆಲ್ಲೂರಿನ ಬಳಿ ಕಡಲು ಸೇರುತ್ತದೆ. ಬಾಗೇಪಲ್ಲಿ ಕಡೆಯ ಚಿತ್ರಾವತಿ ಹೋಗಿ ಕೂಡುವುದೂ ಅದನ್ನೇ. ದಕ್ಷಿಣ ಪಿನಾಕಿನಿ ಹೊಸಕೋಟೆ ಮಾರ್ಗವಾಗಿ ತಮಿಳುನಾಡಿಗೆ, ಪಾಲಾರ್ ಕೋಲಾರ ಜಿಲ್ಲೆಯ ಮೂಲಕ ಅಲ್ಲಿಗೇ. ಪಾಪಾಗ್ನಿಯನ್ನೂ ಸೇರಿಸಿ ಆರು ಎನ್ನುವವರಿದ್ದಾರೆ. ಲೆಕ್ಕದ ಜಗಳ ಬೇಡ.

ನೀರು ಯಾಕೆ ನಿಲ್ಲುವುದಿಲ್ಲ? ಒಂದು ಹೆಕ್ಟೇರ್ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು. ಬೋಳು ಬಂಡೆಯ ಮೇಲೆ ಅದರಲ್ಲಿ ಹೆಚ್ಚಿನದು ಆಗಲೇ ಜಾರಿ ಹಳ್ಳಕ್ಕಿಳಿಯುತ್ತದೆ. ಕಗ್ಗಲ್ಲು ನೀರು ಹೀರುವುದಿಲ್ಲ; ಹಿಡಿದಿಡುವುದು ಅದರ ಬಿರುಕುಗಳು ಮತ್ತು ಬುಡದಲ್ಲಿ ಶೇಖರವಾದ ಮಣ್ಣು. ಆ ಮಣ್ಣಿನಿಂದ ನಿಧಾನಕ್ಕೆ ಒಸರುವ ಊಟೆಯೇ ಮಳೆ ನಿಂತ ಮೇಲೂ ಹಳ್ಳವನ್ನು ಹರಿಸುತ್ತಿತ್ತು. ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಅಂತರ್ಜಲ ಹಳ್ಳದ ತಳಕ್ಕಿಂತ ಕೆಳಗೆ ಕುಸಿದ ಮೇಲೆ ನೆಲ ಹಳ್ಳಕ್ಕೆ ನೀರು ಕೊಡುವುದಿಲ್ಲ, ಹಳ್ಳದ ನೀರನ್ನೇ ಕುಡಿಯುತ್ತದೆ. ಇಷ್ಟರ ಮೇಲೆ ಕೆರೆಗಳ ಸರಪಳಿ: ಮೇಲಿನ ಕೆರೆ ಕೋಡಿ ಬೀಳದೆ ಕೆಳಗಿನದಕ್ಕೆ ನೀರಿಲ್ಲ. ನಡುವಿನ ರಾಜಕಾಲುವೆ ಮುಚ್ಚಿದ್ದರಂತೂ ಕೋಡಿ ಬಿದ್ದರೂ ನದಿಗೆ ಸೇರುವುದಿಲ್ಲ. ಕೆರೆ ಕಟ್ಟಿದ್ದೇ ತಪ್ಪು ಎನ್ನುವವರ ಮಾತು ನಮಗೆ ಒಪ್ಪಿಗೆಯಿಲ್ಲ. ಅವು ಶತಮಾನಗಳಿಂದ ಇವೆ, ಬೋರ್‌ವೆಲ್ ಮೊನ್ನೆ ಮೊನ್ನೆಯದು.

ತೇವ ಉಳಿದಿರುವ ಜಾಗವೊಂದಿದೆ, ನೆತ್ತಿಯ ಮೇಲಿನ ಮರಗಳ ತೋಪು. ಮಂಜು ಎಲೆಗಳಿಗೆ ತಾಗಿ ತೊಟ್ಟಿಕ್ಕುತ್ತದೆ, ಕೊಳೆತ ತರಗಿನ ಅಡಿಯ ಮಣ್ಣು ಆರುವುದು ತಡ. ಪಶ್ಚಿಮ ಘಟ್ಟದ ನೀಲಗಿರಿ ಕಾಡು ಪಾರಿವಾಳ ಈ ಬಯಲುಸೀಮೆಯಲ್ಲಿ ನೆಲೆಸಿರುವುದು ಈ ತೋಪಿನ ದೆಸೆಯಿಂದ. ಬಂಡೆ ಮತ್ತು ಕುರುಚಲಿನ ಇಳಿಜಾರನ್ನು ಬಯಸುವ ಹಳದಿ ಕತ್ತಿನ ಪಿಕಳಾರವನ್ನು ಮಾತ್ರ ಕೆಳಗೆ ಹುಡುಕಬೇಕು.

ಹರಿವನ್ನು ನೋಡಲೇಬೇಕೆಂದಿದ್ದರೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ರಾತ್ರಿ ಜೋರು ಮಳೆಯಾದ ಮರುದಿನ ಬೆಳಿಗ್ಗೆ ಹೋಗಿ, ಬೆಟ್ಟದ ಬುಡದ ಹಳ್ಳಗಳನ್ನು ನೋಡಿ. ಮಳೆ ಸುರಿಯುತ್ತಿರುವಾಗ ಇಳಿಜಾರಿನ ಮೋರಿಗಳ ಹತ್ತಿರ ನಿಲ್ಲಬೇಡಿ. 2021ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದು ರಸ್ತೆಯೇ ಕಿತ್ತುಹೋಗಿತ್ತು. ಬೇಸಿಗೆಯಲ್ಲಿ ಚಿಕ್ಕಬಳ್ಳಾಪುರದ ಸುತ್ತ ತುಂಬಿದ ಕೆರೆ ಕಂಡರೆ ಅದನ್ನು ಪಿನಾಕಿನಿಯ ಲೆಕ್ಕಕ್ಕೆ ಹಿಡಿಯುವ ಮುಂಚೆ ವಿಚಾರಿಸಿ. ಎಚ್.ಎನ್. ವ್ಯಾಲಿ (ಹೆಬ್ಬಾಳ–ನಾಗವಾರ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನಿಂದ ಸಂಸ್ಕರಿಸಿ ತಂದ ಕೊಳಚೆ ನೀರೂ ಇಲ್ಲಿನ ಕೆರೆಗಳಿಗೆ ಬರುತ್ತದೆ.